ಹಂಪ್ ಫಲಕ ರದ್ದು ಮಾಡಿದ ಎಂಜಿನಿಯರ್ ಸಾಹೇಬರಿಗೆ

ಹೆದ್ದಾರಿ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಸಾಹೇಬರೇ,

ನಿಮ್ಮ ಸುಂದರ ಹೆದ್ದಾರಿಯಲ್ಲಿ ಬಿದ್ದು ನಮ್ಮಮ್ಮನ ಎಡ ಮಣಿಕಟ್ಟು ಮುರಿದು ಐದು ತಿಂಗಳಾಯಿತು. ಮೂಳೆ ಕೂಡಿದೆ, ಅಂಗೈ ಮಾತ್ರ ಮೇಲಕ್ಕೆ ತಿರುಗುತ್ತಿಲ್ಲ. ಅದೇನು ಮಹಾ ಅನ್ನಬೇಡಿ. ನಮ್ಮಮ್ಮ ನೀಲಗಂಗಮ್ಮ ಎಂಟನೇ ವಯಸ್ಸಿಗೇ ಲಿಂಗದೀಕ್ಷೆ ಪಡೆದವರು. ಅರವತ್ತು ವರ್ಷ, ಬೆಳಿಗ್ಗೆ ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮುಗಿಸದೆ ಒಂದು ಲೋಟ ಕಾಫಿ ಕುಡಿದವರಲ್ಲ. ಈಗ ಆ ಕೈಯಿಂದ ಲಿಂಗ ಜಾರುತ್ತದೆ. ನಾನು ಹಿಡ್ಕೋತೀನಮ್ಮ ಅನ್ನೋಣವೆಂದರೆ, ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಕೊರಳಲ್ಲಿದ್ದುದನ್ನು ಮುಟ್ಟಿಕೊಂಡು, ಕಣ್ಣು ಮುಚ್ಚಿ ಸುಮ್ಮನೆ ಕೂತಿರುತ್ತಾರೆ. ನನಗೆ ಅದನ್ನು ನೋಡಲು ಆಗುವುದಿಲ್ಲ.

ನಾನು ಯಾರೆಂದು ತಮಗೆ ಗೊತ್ತಿರಬೇಕು. ಕತ್ರಿಗುಪ್ಪೆಯ ಫ್ಲೆಕ್ಸ್ ಅಂಗಡಿಯ ಶಿಲ್ಪಶ್ರೀ. ಕಳೆದ ವರ್ಷ ತಮ್ಮ ಕಚೇರಿಯಿಂದ ಎಂಟು ಫಲಕಗಳ ಆರ್ಡರ್ ಬಂತು. ಆರು ಫಲಕಗಳಲ್ಲಿ ‘ಸುಂದರ ದಾರಿಗೆ ಸ್ವಾಗತ’, ಕೈಮುಗಿದ ತಮ್ಮ ಭಾವಚಿತ್ರ. ನಿವೃತ್ತಿಯಾದ ಮೇಲೆ ಯಾವ ಕ್ಷೇತ್ರದಲ್ಲಿ ನಿಲ್ಲುವ ಆಲೋಚನೆಯೋ, ನಾನು ಕೇಳಲಿಲ್ಲ. ಇನ್ನೆರಡರಲ್ಲಿ ‘ನಿಧಾನ, ಮುಂದೆ ಹಂಪ್ ಇದೆ’. ಆ ಎರಡೂ ಪ್ರಿಂಟ್ ಆಗಿ ಒಣಗುತ್ತಿದ್ದಾಗ ಖುದ್ದು ತಾವೇ ಫೋನ್ ಮಾಡಿದಿರಿ.

“ಹಂಪ್ ಬೋರ್ಡ್ ಕ್ಯಾನ್ಸಲ್ ಮಾಡಮ್ಮ. ಅಷ್ಟೊಳ್ಳೆ ಸೀನರಿಯಲ್ಲಿ ಅದೇನು ಅಪಶಕುನ? ಅದರ ಬದಲು ನನ್ನ ಫೋಟೋದ್ದೇ ಇನ್ನೆರಡು ಹಾಕು.”

ನಾನು ‘ಆಯ್ತು ಸಾರ್’ ಅಂದೆ. ಗಿರಾಕಿ ಹೇಳಿದ್ದನ್ನು ಮಾಡುವುದು ನಮ್ಮ ಕಸುಬು. ಆ ಎರಡು ಮಾತಿಗೆ ನನ್ನ ನಾಲಿಗೆ ಸೇದಿಹೋಗಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ.

ಒಂದು ಭಾನುವಾರ, ನನ್ನ ಕೈಕೆಲಸ ಬೆಟ್ಟದ ನಡುವೆ ಹೇಗೆ ಕಾಣುತ್ತದೋ ತೋರಿಸ್ತೀನಿ ಬಾ ಎಂದು ಅಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಕನಕಪುರ ರಸ್ತೆ ಬಿಟ್ಟು ತಿರುಗಿದ್ದೇ ತಡ, ಬೆಂಗಳೂರು ಮರೆತುಹೋಯಿತು. ಒಂದು ಗುಡ್ಡ ಇಳಿದರೆ ಇನ್ನೊಂದು ಗುಡ್ಡ, ನಡುವೆ ರಾಗಿ ಹೊಲ, ಹಿಪ್ಪುನೇರಳೆ ತೋಟ. ಕೆಂಚನದೊಡ್ಡಿಯ ಸಂತೆಬೀದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಜಗಲಿಗಳ ಮೇಲೆ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದರು. ಅಪ್ಪ ಹೋದ ಮೇಲೆ ಅಮ್ಮ ಅಷ್ಟು ಮಾತಾಡಿದ್ದು ಅವತ್ತೇ. ದಾರಿ ಚೆನ್ನಾಗಿದೆ ಸಾಹೇಬರೇ, ಸುಳ್ಳು ಹೇಳಬಾರದು. ಆದರೆ ಆ ಗುಡ್ಡಗಳನ್ನು ತಾವು ಮಾಡಿದ್ದಲ್ಲ. ತಾವು ಮಾಡಿದ್ದು ಹಂಪ್.

ಆಚೆ ಇಳಿಜಾರಿನಲ್ಲಿ, ಹುಣಸೆಮರದ ಪಕ್ಕ, ತಮ್ಮ ಫಲಕ ನಿಂತಿತ್ತು. ‘ಅಮ್ಮ, ನೋಡು ನಂದು’ ಅಂದೆ. ಅಕ್ಷರದ ಅಂಚು ಬಿಸಿಲಿಗೆ ಮಾಸಿದೆಯೋ ಇಲ್ಲವೋ ಎಂದು ನನ್ನ ಕಣ್ಣು ಅಲ್ಲೇ ನೆಟ್ಟಿತ್ತು. ಫ್ಲೆಕ್ಸ್ ಮಾಡುವವರೆಲ್ಲರ ದರಿದ್ರ ಅದು, ರಸ್ತೆ ಬಿಟ್ಟು ಅವರವರ ಬೋರ್ಡ್ ನೋಡುತ್ತಾರೆ. ಬಣ್ಣ ಕಾಣದ ಆ ಹಂಪ್ ಮೇಲೆ ಗಾಡಿ ಎಗರಿತು. ಅಮ್ಮ ಎಡಗೈ ಊರಿ ಬಿದ್ದರು. ಮೇಕೆ ಕಾಯುತ್ತಿದ್ದ ದ್ಯಾಮಣ್ಣ ಎಂಬುವವರು ಟವೆಲ್‌ನಲ್ಲಿ ಕೈ ಕಟ್ಟಿ, ಈ ತಿಂಗಳಲ್ಲಿ ನೀವು ನಾಲ್ಕನೆಯವರು ಕಣಮ್ಮ ಎಂದರು.

ದೂರು ಕೊಟ್ಟೆ. ಉತ್ತರವೂ ಬಂತು, ತಮ್ಮ ಸಹಿಯೊಂದಿಗೆ: ‘ಸದರಿ ಹಿಂಬದಿ ಸವಾರರು ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದು, ಚಾಲಕಿಯ ಗಮನವು ರಸ್ತೆಯ ಮೇಲೆ ಇಲ್ಲದೇ ಇದ್ದುದರಿಂದ ಇಲಾಖೆಯ ಲೋಪ ಕಂಡುಬರುವುದಿಲ್ಲ.’ ಅರವತ್ತೆಂಟರ ಹೆಂಗಸು ಸೀರೆ ಉಟ್ಟು ಇನ್ನು ಹೇಗೆ ಕೂರಬೇಕಿತ್ತು? ಚಾಲಕಿಯ ಗಮನ ಎಲ್ಲಿತ್ತು, ಕೇಳಿದಿರಾ? ತಮ್ಮ ಹತ್ತಡಿ ಮುಖದ ಮೇಲಿತ್ತು. ನನ್ನ ತಪ್ಪು ನಾನು ಒಪ್ಪಿಕೊಂಡಿದ್ದೇನೆ, ದಿನಾ ಬೆಳಿಗ್ಗೆ ಒಪ್ಪಿಕೊಳ್ಳುತ್ತೇನೆ. ತಾವು ಯಾವಾಗ?

ಹೋಗ್ಲಿ ಬಿಡೇ, ಅವರ ಪಾಪ ಅವರಿಗೆ ಅಂತಾರೆ ಅಮ್ಮ. ಅವರದು ದೊಡ್ಡ ಮನಸ್ಸು. ನನಗೆ ಆ ಮನಸ್ಸಿಲ್ಲ, ಬೇಕಾಗಿಯೂ ಇಲ್ಲ. ತಮ್ಮ ಹೊಟ್ಟೆಯೂ ಒಂದು ದಿನ ಹೀಗೇ ಉರಿಯಬೇಕು ಎಂಬುದೇ ನನ್ನ ಆಸೆ.

ದೇವರು ಕಣ್ಣು ಬಿಟ್ಟ ಎನ್ನಬೇಕು. ಮೊನ್ನೆ ತಮ್ಮ ಗುಮಾಸ್ತರು ಮತ್ತೆ ನಮ್ಮ ಅಂಗಡಿಗೇ ಮೆಸೇಜ್ ಹಾಕಿದ್ದಾರೆ. ಹೆದ್ದಾರಿ ಉತ್ಸವವಂತೆ, ಇಪ್ಪತ್ತು ಫಲಕ ಬೇಕಂತೆ, ಅದೇ ಫೋಟೋ ಇರಲಂತೆ. ಯಾವ ಶಿಲ್ಪಶ್ರೀಯ ದೂರಿಗೆ ಉತ್ತರ ಬರೆದಿರೆಂಬುದೂ ತಮಗೆ ನೆನಪಿಲ್ಲ, ನೋಡಿ.

ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ ಆ ಹಂಪ್‌ಗೆ ಬಣ್ಣ ಬೀಳಬೇಕು, ಎರಡೂ ಬದಿಗೆ ಎಚ್ಚರಿಕೆ ಫಲಕ ನಿಲ್ಲಬೇಕು, ಮತ್ತು ತಮ್ಮ ಉತ್ತರವನ್ನು ಬರಹದಲ್ಲೇ ಹಿಂಪಡೆಯಬೇಕು. ಇಲ್ಲವಾದರೆ ಇಪ್ಪತ್ತು ಫಲಕವನ್ನೂ ಮಾಡುತ್ತೇನೆ, ನನ್ನ ಸ್ವಂತ ಖರ್ಚಿನಲ್ಲಿ. ಆ ದಾರಿಯ ಪ್ರತಿ ಊರಿನಲ್ಲೂ ಜಾಗ ಕೊಡುವವರಿದ್ದಾರೆ, ಮೊದಲನೆಯದು ದ್ಯಾಮಣ್ಣನವರ ಹೊಲದಲ್ಲಿ. ಕೈಮುಗಿದ ತಮ್ಮ ಫೋಟೋ ಹಾಗೇ ಇರುತ್ತದೆ. ಕೆಳಗಿನ ಸಾಲು ಮಾತ್ರ ನನ್ನದು: ‘ಮುಂದೆ ಹಂಪ್ ಇದೆ. ಇವರಿಗೆ ಗೊತ್ತಿತ್ತು.’

ಇಂತಿ,
ತಮ್ಮ ಮುಖವನ್ನು ಹತ್ತಡಿ ಮಾಡಿಕೊಟ್ಟ ಪಾಪಿ,
ಶಿಲ್ಪಶ್ರೀ
ಕತ್ರಿಗುಪ್ಪೆ