ತಿರುಗಿ ಬಂದ ವೀಳ್ಯ

ನಮ್ಮ ಮನೆಯವರಿಗೆ,

ಏನ್ರಿ, ಅಲ್ಲಾದರೂ ಸ್ವಲ್ಪ ಪುರಸೊತ್ತು ಸಿಕ್ಕಿದೆಯೋ ಇಲ್ಲವೋ? ಇಲ್ಲಿದ್ದಾಗ ಒಂದು ದಿನವಾದರೂ ನನ್ನ ಮಾತನ್ನು ಪೂರ್ತಿ ಕೇಳಿದವರಲ್ಲ. ನಾನು ಬಾಯಿ ತೆರೆಯುವುದಕ್ಕೂ ಹೊರಗೆ ಯಾರೋ ಕೂಗುವುದಕ್ಕೂ ಸರಿಹೋಗುತ್ತಿತ್ತು. ರುಮಾಲು ಕೈಗೆತ್ತಿಕೊಂಡು ಎದ್ದುಬಿಡುತ್ತಿದ್ದಿರಿ. ಅಣ್ಣಿಗೇರಿಯಲ್ಲಿ ಮುಲ್ಕಿ ಪರೀಕ್ಷೆ ಪಾಸಾದವಳು ನಾನು, ಪತ್ರ ಬರೆಯಲು ಬರುತ್ತದೆ. ಆದರೆ ಒಂದೇ ಮನೆಯಲ್ಲಿ ಇದ್ದವರಿಗೆ ಯಾಕೆ ಬರೆಯಬೇಕಿತ್ತು? ಈಗ ಬರೆಯುತ್ತಿದ್ದೇನೆ. ಈಗ ನೀವು ಎದ್ದು ಹೋಗುವ ಹಾಗಿಲ್ಲ. ನಿನ್ನೆ ನಮ್ಮ ಮನೆಗೆ ಮಂದಿ ಬಂದಿದ್ದರು, ನಿಮ್ಮ ಹೆಸರನ್ನು ಕಡ ಕೇಳಲು. ಅದನ್ನು ನಿಮಗೆ ಹೇಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಹಿಂದಿನ ಆ ದಿಲ್ಲಿ ಚುನಾವಣೆಯ ದಿನಗಳ ನಿಮ್ಮ ಹುರುಪು ಈಗಲೂ ಕಣ್ಣ ಮುಂದಿದೆ. ಇನ್ನು ಮೇಲೆ ಬಡತನವೇ ಇರುವುದಿಲ್ಲ ಎಂದು ಒದರುತ್ತಾ ಜೀಪು ಬಂದು ಹೋಯಿತು. ಮರುದಿನ ನೀವು ಬುಟ್ಟಿಯ ತುಂಬ ಎಲೆ ಅಡಿಕೆ ತುಂಬಿಕೊಂಡು ಮನೆ ಮನೆಗೆ ಹೊರಟಿರಿ. ನಮ್ಮ ಕಡೆ ಎತ್ತು ಮಾರಲಿ, ಹೆಣ್ಣು ಗೊತ್ತು ಮಾಡಲಿ, ವೀಳ್ಯ ಕೈಗೆ ಬಂತೆಂದರೆ ಮಾತು ಮುಗಿಯಿತು. ಅಲ್ಲಿಂದ ಹಿಂದೆ ಸರಿದವನನ್ನು ಯಾರೂ ಮನುಷ್ಯ ಅನ್ನುವುದಿಲ್ಲ. ಓಟಿಗೆ ವೀಳ್ಯ ಕೊಟ್ಟವರು ಮಾತ್ರ ಊರಿನಲ್ಲಿ ನೀವೇ ಮೊದಲಿಗರು. ಒಬ್ಬೊಬ್ಬರ ಅಂಗೈಯಲ್ಲಿ ಎಲೆ ಇಟ್ಟು ಅದೇ ಮಾತು ಹೇಳಿದಿರಿ. “ಪಕ್ಷ ಗಿಕ್ಷ ನೋಡಬ್ಯಾಡ್ರಿ, ನನ್ನ ಮಾರಿ ನೋಡಿ ಹಾಕ್ರಿ. ನಾಳೆ ಏನರ ಹೆಚ್ಚುಕಡಿಮಿ ಆದ್ರ ನನ್ನ ಬಂದು ಕೇಳ್ರಿ.” ನಾನೂ ಸೆರಗು ಹೊದ್ದು ನಿಮ್ಮ ಹಿಂದೆ ಬಂದೆ. ಗಂಡಸರು ಪಡಸಾಲೆಯಲ್ಲಿ ಎಲೆ ತೆಗೆದುಕೊಳ್ಳುವಾಗ ನಾನು ಅಡುಗೆಮನೆಯಲ್ಲಿ ಹೆಣ್ಣುಮಕ್ಕಳ ಹತ್ತಿರ ಕುಳಿತು, ನಮ್ಮ ಮನೆಯವರು ಹೇಳಿದರೆಂದರೆ ಸುಳ್ಳಾಗುವುದಿಲ್ಲ ಎಂದೆ. ಊರಿಗೆ ಊರೇ ಹಾಕಿತು. ಅವರಿಗೆ ಆ ಪಕ್ಷ ಯಾವುದು, ಅದರ ಮುಖಂಡರು ಯಾರು, ಗೊತ್ತಿತ್ತೇ? ಅವರು ಹಾಕಿದ್ದು ನಿಮಗೆ.

ಲೆವಿ ಬಂದ ವರ್ಷ ನಾನು ಮೊದಲ ಸಲ ನಿಮ್ಮ ಮೇಲೆ ಧ್ವನಿ ಎತ್ತಿದ್ದೆ. ಸರಕಾರ ತಾನು ಹೇಳಿದ ದರಕ್ಕೆ, ತಾನು ಹೇಳಿದಷ್ಟು ಜೋಳವನ್ನು ಅಳೆಸಿಕೊಂಡು ಹೋಗುತ್ತದೆ ಎಂದು ಡಂಗುರ ಸಾರಿದರು. ನಾಲ್ಕು ಜನರಿಗೆ ಮೇಲ್ಪಂಕ್ತಿ ಆಗಬೇಕೆಂದು ನೀವು ಎಲ್ಲರಿಗಿಂತ ಮೊದಲು ಅಳೆದಿರಿ, ಕೇಳಿದ್ದಕ್ಕಿಂತ ಹೆಚ್ಚು ಅಳೆದಿರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಅಂದದ್ದು ಅವತ್ತೇ. ನೀವು ನಕ್ಕಿರಿ. ನಮ್ಮ ಬಿಳಿಜೋಳ ಚೀಲ ಹತ್ತಿ ಹೋಯಿತು. ರೇಶನ್ ಅಂಗಡಿಯಲ್ಲಿ ನಮಗೆ ಸಿಕ್ಕದ್ದು ಹಡಗಿನಲ್ಲಿ ಬಂದ ಕೆಂಪು ಮೈಲೋ ಜೋಳ. ಆ ಹಿಟ್ಟಿಗೆ ಜಿಗಿ ಅನ್ನುವುದೇ ಇರಲಿಲ್ಲ. ತಟ್ಟಿದರೆ ಕೈಯಲ್ಲೇ ಹರಿಯುತ್ತಿತ್ತು. ನೀವು ಆ ರೊಟ್ಟಿಯ ಚೂರುಗಳನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು, ಅಗದಿ ರುಚಿ ಆಗೇತಿ ಎಂದು ತಿಂದಿರಿ. ಸುಳ್ಳು ಹೇಳಲು ಬಾರದ ಮನುಷ್ಯ ಒಂದು ಸರಕಾರದ ಸಲುವಾಗಿ ಊಟದ ತಾಟಿನ ಮುಂದೆ ಕುಳಿತು ಸುಳ್ಳು ಹೇಳಿದಿರಲ್ಲ…

ಫಕ್ಕೀರಪ್ಪನ ಹಗೇವು ತೆಗೆಸಿದ ಬೆಳಗನ್ನು ನಾನು ಮರೆತಿಲ್ಲ. ಎಲೆ ಬುಟ್ಟಿ ಹೊತ್ತುಕೊಂಡು ನಿಮ್ಮ ಜೊತೆ ಅಡ್ಡಾಡಿದವನು ಅವನೇ, ಒಡಹುಟ್ಟಿದ ತಮ್ಮನ ಹಾಗೆ ಇದ್ದವನು. ಮಗಳ ಮದುವೆಗೆಂದು ನೆಲದೊಳಗಿನ ಹಗೇವಿನಲ್ಲಿ ಜೋಳ ಮುಚ್ಚಿಟ್ಟಿದ್ದ. ಯಾರೋ ಚಾಡಿ ಹೇಳಿದರು. ಅಧಿಕಾರಿಗಳು ಪೊಲೀಸರನ್ನು ಕರೆದುಕೊಂಡು ಬಂದರು. ಅವನ ಹೆಂಡತಿ ಗಂಗವ್ವ ಹಗೇವಿನ ಕಲ್ಲಿನ ಮೇಲೆ ಕುಳಿತುಬಿಟ್ಟಳು, ಏಳುವುದಿಲ್ಲ ಎಂದಳು. ಊರು ಸುತ್ತ ನಿಂತಿತ್ತು. ನೀವು ಬೇಡ ಎಂದಿದ್ದರೆ ಊರು ಅವತ್ತೇ ಅವರನ್ನು ಹೊರಗೆ ಅಟ್ಟುತ್ತಿತ್ತು. ಫಕ್ಕೀರಪ್ಪ ಪೊಲೀಸರನ್ನು ನೋಡಲಿಲ್ಲ, ನಿಮ್ಮನ್ನು ನೋಡಿದ. ನೀವು ಅವನ ಹೆಗಲ ಮೇಲೆ ಕೈ ಇಟ್ಟು ಹೇಳಿದಿರಿ: “ತಗಿ ಫಕ್ಕೀರಾ. ಬರ ಬಿದ್ದಲ್ಲೆ ಮಂದಿ ಉಪವಾಸ ಐತಿ, ಅವರ ಹೊಟ್ಟಿಗೆ ಹೊಕ್ಕೈತಿ. ಸುಳ್ಳಾದ್ರ ನನ್ನ ಕೇಳು.” ಗಂಗವ್ವ ಎದ್ದಳು. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಎಲ್ಲರೂ ಕಾದೆವು.

ರೈಲಿನವರು ಮುಷ್ಕರ ಹೂಡಿದ ಬೇಸಿಗೆ ಅದು. ಕುಂದಗೋಳದ ಸ್ಟೇಶನ್ನಿನಲ್ಲಿ ಲೆವಿ ಜೋಳದ ಚೀಲಗಳು ಬಯಲಲ್ಲೇ ಬಿದ್ದಿವೆ ಎಂದು ಸಂತೆಗೆ ಹೋದವರು ಹೇಳಿದರು. ವ್ಯಾಗನ್ನು ಬರುತ್ತದೆ ಎಂದು ನೀವು ಅಂದಿರಿ. ಬಂದದ್ದು ಮುಂಗಾರಿಗೆ ಮುಂಚಿನ ಅಡ್ಡಮಳೆ. ಒಂದರ ಹಿಂದೆ ಒಂದು, ಬಿಟ್ಟು ಬಿಟ್ಟು ಹೊಡೆಯಿತು. ಕೊನೆಗೆ ನೀವು, ಫಕ್ಕೀರಪ್ಪ ಇಬ್ಬರೂ ಚಕ್ಕಡಿ ಹೂಡಿಕೊಂಡು ನೋಡಲು ಹೋದಿರಿ. ಅಲ್ಲಿ ಕಂಡದ್ದನ್ನು ನನಗೆ ಹೇಳಿದವಳು ಗಂಗವ್ವ. ಚೀಲದ ಗೋಣಿತಟ್ಟು ಹರಿದು ಹಸಿರು ಮೊಳಕೆ ಹೊರಗೆ ಬಂದಿತ್ತಂತೆ. ಹತ್ತಿರ ಹೋದರೆ ಹುಳಿ ವಾಸನೆಯಂತೆ. ಕಾವಲಿನವನು ಅಲ್ಲಿ ಆಡು ಮೇಯಿಸುತ್ತಿದ್ದನಂತೆ. ಉಪವಾಸವಿದ್ದವರ ಹೊಟ್ಟೆಗೂ ಹೋಗಲಿಲ್ಲ, ಹುಡುಗಿಯ ಮದುವೆಗೂ ಉಳಿಯಲಿಲ್ಲ. ಹಾಗಿದ್ದರೆ ತೆಗೆದುಕೊಂಡು ಹೋದದ್ದು ಯಾಕೆ? ಯಾರ ಸಲುವಾಗಿ?

ಇದನ್ನೇ ಕೇಳಲು ಹುಬ್ಬಳ್ಳಿಗೆ ಹೋಗುವ ದಿನ ನೀವು ಇಸ್ತ್ರಿ ಮಾಡಿದ ಅಂಗಿ ಕೇಳಿದಿರಿ. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡು ಹೋದ ಆ ಪಕ್ಷದ ಮುಖಂಡರ ಬಂಗಲೆಗೆ ಹೊರಟಿದ್ದಿರಿ. ಹಿಂಡಿಪಲ್ಯ ಮತ್ತೊಂದು ಸಲ ಬಡಿಸಿಕೊಂಡು, ಇಂಥ ಕೈರುಚಿ ಎಲ್ಲೂ ಇಲ್ಲ ತಂಗಿ ಎಂದಿದ್ದ ಮಹಾರಾಯ. ಅವನು ನಿಮ್ಮನ್ನು ಹೊರಗಿನ ಬಾಕಿನ ಮೇಲೆ ಸಂಜೆಯ ತನಕ ಕೂರಿಸಿದ. ಆಮೇಲೆ ಕಾರು ಹತ್ತುತ್ತಾ, ದೇಶಕ್ಕಾಗಿ ಎಲ್ಲರೂ ಒಂದಿಷ್ಟು ತ್ಯಾಗ ಮಾಡಬೇಕು ಎಂದನಂತೆ. ತ್ಯಾಗ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುವುದು ಇಂಥವರನ್ನು ಕಂಡೇ ಹುಟ್ಟಿದ ಮಾತಿರಬೇಕು. ನೀವು ಅವನಿಗೆ ಎದುರು ಒಂದು ಮಾತು ಆಡಿದಿರೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದಿರಿ, ಆಮೇಲೆ ಅದನ್ನು ತೊಡಲೇ ಇಲ್ಲ.

ಮರುದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ, ಫಕ್ಕೀರಪ್ಪ ಬಂದ. ಕೈಯಲ್ಲಿ ಎರಡು ಎಲೆ, ಒಂದು ಅಡಿಕೆ. ನೀವು ಕಟ್ಟೆಯ ಮೇಲಿದ್ದಿರಿ. “ಅಣ್ಣಾ, ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ನನ್ನ ಕೇಳು ಅಂದಿದ್ದಿ, ಮತ್ತ ಯಾರನ್ನ ಕೇಳ್ಲಿ? ನಿನ್ನ ವೀಳ್ಯ ನೀ ತಗೋ,” ಎಂದು ನಿಮ್ಮ ಮುಂದಿಟ್ಟು ಹೊರಟುಹೋದ. ಅವನ ದನಿ ಒಂದಿಷ್ಟೂ ಏರಿರಲಿಲ್ಲ. ಅಷ್ಟೇ ನೋಡಿ. ಅವನು ಹೋದ ಮೇಲೆ ಓಣಿಯವರು, ಆಮೇಲೆ ಕೆಳಗಿನ ಕೇರಿಯವರು, ಆಮೇಲೆ ಹಿಂದೆಂದೂ ನಮ್ಮ ಮನೆ ಬಾಗಿಲು ತುಳಿಯದವರು. ಬೈಯಲಿಲ್ಲ, ಕಲ್ಲೆಸೆಯಲಿಲ್ಲ, ಸುಮ್ಮನೆ ಎಲೆ ಇಟ್ಟು ಹೋದರು. ದಿಲ್ಲಿಗೆ ಹೋಗಿ ಕೇಳಲು ಅವರಿಗೆ ದಾರಿ ಗೊತ್ತಿರಲಿಲ್ಲ. ನಮ್ಮ ಮನೆಯ ದಾರಿ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ನಿಮ್ಮ ಸುತ್ತ ಹಸಿರೇ ಹಸಿರು. ನಾನು ಗುಡಿಸಲು ಬಂದರೆ, ಇರಲಿ ಬಿಡು, ಕೊಟ್ಟವನು ನಾನೇ ಅಲ್ಲವೇ ಎಂದಿರಿ.

ಆ ಮೇಲಿನ ದಿನಗಳಲ್ಲಿ ನೀವು ಆ ಕಟ್ಟೆಯ ಮೇಲೆ ಒಬ್ಬರೇ ಕುಳಿತಿರುತ್ತಿದ್ದುದನ್ನು ಒಳಗಿನಿಂದ ನೋಡುತ್ತಿದ್ದೆ. ಮೊದಲೆಲ್ಲ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಚಹಾ ಕಾಸಿ ಕಾಸಿ ನನಗೆ ಸಾಕಾಗುತ್ತಿತ್ತು. ಈಗ ಊರಿನ ಒಬ್ಬ ಗಂಡಸೂ ಬಂದು ನಿಮ್ಮ ಬಾಜುವಿಗೆ ಕೂರಲಿಲ್ಲ. ನೀವು ಹಾಯ್ದು ಹೋದರೆ ಮಾತು ನಿಲ್ಲುತ್ತಿತ್ತು. ಚಿಮಣಿ ಎಣ್ಣೆ ಸಿಗದಿದ್ದರೆ ನಿಮ್ಮ ಕಡೆ ನೋಡುವವರು, ಸಕ್ಕರೆ ಸಿಗದಿದ್ದರೆ ನಿಮ್ಮ ಕಡೆ ನೋಡುವವರು. ನೀವೇನು ಎಣ್ಣೆಯ ಮಂತ್ರಿಯೇ? ಆಮೇಲೆ ತುರ್ತು ಪರಿಸ್ಥಿತಿ ಎಂದರು, ಯಾರೂ ಏನೂ ಮಾತಾಡಬಾರದು ಎನ್ನುವ ಕಾಲವೇ ಬಂತು. ಊರು ಬಾಯಿ ಮುಚ್ಚಿತು. ನೀವು ಮಾತ್ರ ಅದಕ್ಕೂ ಮೊದಲೇ ಮಾತು ಬಿಟ್ಟಿದ್ದಿರಿ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಲು ಏಳಲಿಲ್ಲ. ಜ್ವರ ಎಂದು ಡಾಕ್ಟರು ಹೇಳಿದರು. ಇರಬಹುದು. ಜ್ವರ ನನಗೂ ಬಂದಿದೆ, ನಾನು ಸತ್ತಿಲ್ಲ. ನಿಮಗೆ ಬದುಕುವ ಮನಸ್ಸು ಇರಲಿಲ್ಲ, ಅದು ನನಗೆ ಗೊತ್ತಿದೆ, ಅದಕ್ಕೇ ನನಗೆ ನಿಮ್ಮ ಮೇಲೆ ಇನ್ನೂ ಸಿಟ್ಟು.

ನೀವು ಹೋದ ಮೇಲೆ ಒಂದು ಬೇಸಿಗೆಯ ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು: ದಿಲ್ಲಿಯ ಸರಕಾರ ಬಿತ್ತು! ನಮ್ಮ ಕಡೆ ಹಳೆಯವರೇ ಆರಿಸಿ ಬಂದರು, ಅದು ಬೇರೆ ಮಾತು. ಆದರೂ ಹುಡುಗರು ಊರ ಅಗಸಿ ಬಾಗಿಲಲ್ಲಿ ಪಟಾಕಿ ಹಾರಿಸಿದರು. ನಾನು ನಿಮ್ಮ ಫೋಟೋದ ಮುಂದೆ ನಿಂತು, ಕೇಳಿದಿರಾ ಎಂದೆ. ಖುಷಿಯಾಗಬೇಕಿತ್ತು. ಆಗಲಿಲ್ಲ. ಹೊಸಬರು ಬಂದರು. ಶೇಂಗಾ ಎಣ್ಣೆಯ ದರ ಇಳಿಯಲಿಲ್ಲ. ರೇಶನ್ ಅಂಗಡಿಯ ಮುಂದಿನ ಸಾಲು ಇದ್ದಲ್ಲೇ ಇದೆ. ಫಕ್ಕೀರಪ್ಪನ ಮಗಳ ಮದುವೆ ಹೇಗೋ ಆಯಿತು, ಆದರೆ ಆ ಹಗೇವಿನಲ್ಲಿ ಅವನು ಮತ್ತೆ ಜೋಳ ಹಾಕಲಿಲ್ಲ. ಈಗ ಬೆಂಗಳೂರಿನ ಸರಕಾರದ ಚುನಾವಣೆ. ಜೀಪಿನ ಬಣ್ಣ ಬೇರೆ, ಒದರುವುದು ಅದೇ.

ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕುಳಿತಿದ್ದೆ. ದಿಲ್ಲಿಯಲ್ಲಿ ಗೆದ್ದ ಆ ಹೊಸ ಪಕ್ಷದಿಂದ ನಿಂತಿರುವ ಹುಬ್ಬಳ್ಳಿಯ ವಕೀಲರು ಬಂದರು. ಅವರ ಹಿಂದೆ ಎಲೆ ಬುಟ್ಟಿ ಹೊತ್ತುಕೊಂಡು ಬಂದವನು ಯಾರೆಂದುಕೊಂಡಿರಿ? ನಿಮ್ಮ ಫಕ್ಕೀರಪ್ಪ. ತಲೆ ನರೆತಿದೆ ಪಾಪ. ನಿಮ್ಮ ಫೋಟೋ ಹಿಡಿದುಕೊಂಡು ನಾನು ಅವರ ಜೊತೆ ಮನೆ ಮನೆಗೆ ಹೋಗಬೇಕಂತೆ. ಆ ಹಳೆಯ ಸರಕಾರ ನನ್ನ ಗಂಡನನ್ನು ತಿಂದಿತು ಎಂದು ಹೇಳಿದರೆ ಸಾಕಂತೆ. “ವೈನಿ, ಅಣ್ಣಾನ ಹೆಸರಿಗೆ ಮಂದಿ ಮತ್ತ ವೀಳ್ಯ ಹಿಡೀತಾರ. ಸತ್ತ ಮ್ಯಾಲೆ ಅವನ ಬೆಲಿ ಎಲ್ಲಾರಿಗೂ ತಿಳಿದೈತಿ,” ಎಂದ ಫಕ್ಕೀರಪ್ಪ. ನಿಮ್ಮ ಬೆಲೆ!

ನಾನು ಬೈಯಲಿಲ್ಲ ನೋಡ್ರಿ. ನೀರು ಕೊಟ್ಟೆ, ಬೆಲ್ಲ ಕೊಟ್ಟೆ. ಆಮೇಲೆ ಆ ಬುಟ್ಟಿಯಿಂದಲೇ ಎರಡು ಎಲೆ, ಒಂದು ಅಡಿಕೆ ತೆಗೆದು ವಕೀಲರ ಮುಂದೆ ಹಿಡಿದೆ. “ಮೊದಲ ನೀವು ಹಿಡೀರಿ ಸಾಹೇಬ್ರ. ಬಡವರ ಕಾಳು ಒಯ್ದು ಕೊಳಸೂದಿಲ್ಲಂತ ನಿಮ್ಮ ಮಾತು ಕೊಡ್ರಿ. ಏನರ ಆದ್ರ ಊರವರು ನಿಮ್ಮ ಮನಿಗೆ ಬಂದು ಕೇಳ್ತಾರ. ಹಿಡದ್ರ ನಾ ಬರ್ತೀನಿ,” ಎಂದೆ. ಅವರು ನಕ್ಕರು. ಎಲ್ಲವೂ ಪಕ್ಷದ ಕೈಯಲ್ಲಿದೆ, ತಮ್ಮೊಬ್ಬರ ಕೈಯಲ್ಲಿ ಏನಿದೆ ಎಂದರು. ಆಮೇಲೆ ಎರಡೂ ಕೈ ಜೋಡಿಸಿ ನನಗೆ ದೊಡ್ಡದಾಗಿ ನಮಸ್ಕಾರ ಮಾಡಿದರು. ಮುಗಿದ ಕೈಯಲ್ಲಿ ಎಲೆ ಇಡುವುದು ಹೇಗೆ? ನಾನು ಹಿಡಿದುಕೊಂಡೇ ನಿಂತಿದ್ದೆ, ಅವರು ಜೀಪಿನ ಕಡೆ ನಡೆದರು.

ಫಕ್ಕೀರಪ್ಪ ಎಲ್ಲವನ್ನೂ ನೋಡಿದ. ಇನ್ನು ಬುಟ್ಟಿ ಕೆಳಗಿಡುತ್ತಾನೆ ಎಂದುಕೊಂಡೆ. ಅವನು ಸಿಂಬಿ ಸರಿಮಾಡಿಕೊಂಡು ಅದನ್ನು ಮತ್ತೆ ತಲೆಗೆ ಏರಿಸಿದ. “ಏನರ ಮಾಡಬೇಕಲ್ಲ ವೈನಿ. ಸುಮ್ಮನ ಕುಂಡ್ರಾಕ ಆಗೂದಿಲ್ಲ. ಅಣ್ಣಾ ಹೋದ ಮ್ಯಾಲೆ ಊರಾಗ ಮಂದಿ ನಂಬೂದು ನನ್ನೊಬ್ಬನ್ನ,” ಎಂದ. ಅವನ ಕಣ್ಣಲ್ಲಿ ನಂಬಿಕೆ ಇರಲಿಲ್ಲ, ಆದರೂ ಹೊರಟ. ಇವತ್ತು ಬೆಳಿಗ್ಗೆಯಿಂದ ಓಣಿ ಓಣಿ ತಿರುಗುತ್ತಿದ್ದಾನೆ. ಮಂದಿ ಎಲೆ ಹಿಡಿಯುತ್ತಿದ್ದಾರೆ. ಯಾಕೆ ಹಿಡಿಯುತ್ತಾರೋ, ಇವರಿಗೆ ಬುದ್ಧಿ ಯಾವಾಗ ಬರುತ್ತದೋ… ಅಥವಾ ಹಿಡಿಯದೆ ಮತ್ತೇನು ಮಾಡಬೇಕೋ, ಅದೂ ನನಗೆ ತಿಳಿಯದು.

ನಿಮ್ಮ ಹೆಸರನ್ನು ನಾನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದರೆ ಒಂದು ಮಾತು ನಿಮಗೆ ಕೊಡುತ್ತೇನೆ. ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ, ಊರವರು ಎಲೆ ತಿರುಗಿಸಲು ಫಕ್ಕೀರಪ್ಪನ ಮನೆಗೆ ಹೋಗುತ್ತಾರೆ. ಅದು ತಪ್ಪುವುದಿಲ್ಲ. ಆ ದಿನ ಹೆಂಗಸು ಎಂದು ನೋಡುವುದಿಲ್ಲ, ಊರು ಏನಂದೀತು ಎಂದು ನೋಡುವುದಿಲ್ಲ. ಹೋಗಿ ಅವನ ಬಾಜುವಿಗೆ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತೇನೆ.

ನಿಮ್ಮ ಮನೆಯವಳು