ಲೋಕರಕ್ಷಕನ ಮೇಲುವಸ್ತ್ರ

ಶ್ರೀರಂಗಪಟ್ಟಣ
೧ ಡಿಸೆಂಬರ್ ೧೯೯೬

ಚಿರಂಜೀವಿ ಸುದರ್ಶನನಿಗೆ ಅಮ್ಮನ ಹಾರೈಕೆಗಳು.

ನಾಗಮಂಗಲದಿಂದ ನೀನು ಬರೆದ ಪತ್ರ ತಲುಪಿತು. ಅಕ್ಷರ ದುಂಡಾಗಿದೆ, ಒಕ್ಕಣೆ ಮಾತ್ರ ನಿಜವಲ್ಲ. ಯಾರೂ ಕೇಳಿಕೊಳ್ಳದಿದ್ದರೂ ಸೋದರಮಾವ ಶಾಮಣ್ಣ ನಿನ್ನ ಗೊಂಬೆಯ ಮೇಲೆ ಕೈಹಾಕಿದನೆಂದು ಬರೆದಿದ್ದೀಯೆ. ಕೇಳಿಕೊಂಡವನು ನೀನೇ. ದೀಪಾವಳಿಗೆ ಬಂದಾಗ ನಡುಮನೆಯಲ್ಲಿ ಪೆಟ್ಟಿಗೆ ಬಿಚ್ಚಿ, "ದಿನಾ ಮೂರ್ತಿಗೆ ಅಲಂಕಾರ ಮಾಡೋರು ನೀವು ಮಾವ. ಬೆಂಗಳೂರಿನವರು ಬಂದು ಪರೀಕ್ಷೆ ಮಾಡೋಕೆ ಮುಂಚೆ ನೀವೊಂದ್ಸಲ ನೋಡಿ ಹೇಳಿ" ಎಂದೆ. ನಾನು ಅಲ್ಲೇ ಹೂಬತ್ತಿ ಹೊಸೆಯುತ್ತಿದ್ದೆ.

ನಿನ್ನ ಜಪಾನೀ ಪತ್ರಮಿತ್ರನು ಕಳುಹಿಸಿದ ಆ ಗೊಂಬೆ ನೀನು ಹುಟ್ಟಿದ ಕಾಲದ್ದೆಂದೂ, ಬೆಂಗಳೂರಿನ ಸಂಗ್ರಾಹಕರ ಪ್ರದರ್ಶನದಲ್ಲಿ ಅದಕ್ಕೆ ಸ್ಥಾನ ದೊರೆತರೆ ನಿನ್ನ ಬಹುಕಾಲದ ಆಸೆ ಕೈಗೂಡುವುದೆಂದೂ ನನಗೆ ಗೊತ್ತಿತ್ತು. ಆಕಾಶದಲ್ಲಿ ಹಾರಿ ಲೋಕವನ್ನು ಕಾಯುವ ಸೂಪರ್‌ಹೀರೋ ಅವನು. ಮುಖಕ್ಕೆ ಮುಸುಕು, ಬೆನ್ನಿಗೆ ಕೆಂಪು ಮೇಲುವಸ್ತ್ರ. ಆಟಿಕೆಯ ಮೇಲೆ ಉಪನ್ಯಾಸಕನೊಬ್ಬನಿಗೆ ಇಷ್ಟು ಮೋಹವೇಕೆಂದು ನನಗೆ ತಿಳಿಯದಿದ್ದರೂ ನಾನು ಬಾಯಿಬಿಟ್ಟು ಹೇಳಿದವಳಲ್ಲ.

ಶಾಮಣ್ಣ ಕೈ ತೊಳೆದುಕೊಂಡು ಬಂದು ಅದನ್ನು ಹಲಗೆಯ ಮೇಲೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದ. ತೋಳಿನ ಕೀಲುಗಳನ್ನು ಮೆಲ್ಲಗೆ ಆಡಿಸಿದ. "ಭುಜ ಚೆನ್ನಾಗಿ ಕೂತಿದೆ. ಬೆರಳು ಒಂದೊಂದೂ ಬಿಡಿಸಿದಾನೆ. ಕಣ್ಣು ಬರೆದೋನು ನಿಧಾನಸ್ಥ ಕಣೋ. ಬಟ್ಟೆ ಮಾತ್ರ ಜೀರ್ಣವಾಗಿ ಹೋಗಿದೆ" ಎಂದ. ನೀನು ನಕ್ಕು, "ಹಾಗಾದ್ರೆ ನೀವೇ ಹೊಸದು ಉಡಿಸಿಬಿಡಿ ಮಾವ" ಎಂದೆ. ತಮಾಷೆಗೆ ಹೇಳಿದ್ದೆಂದು ನೀನೀಗ ವಾದಿಸಬಹುದು. ಆದರೆ ಹರೆಯದಿಂದ ಕೋಟೆಯೊಳಗಿನ ದೇವಸ್ಥಾನದಲ್ಲಿ ಉತ್ಸವಮೂರ್ತಿಗೆ ವಸ್ತ್ರ ಉಡಿಸುತ್ತ ಬಂದವನಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ನೀನು ನಾಗಮಂಗಲಕ್ಕೆ ಹಿಂದಿರುಗಿದ ಮೇಲೆ ಅವನು ಹೊಲಿಯಲು ಕುಳಿತ. ಹಾಲು ಕೊಡಲು ಬಂದ ಅಣ್ಣಮ್ಮ ಬಾಗಿಲಲ್ಲೇ ನಿಂತು, "ಇವ್ನೂ ದ್ಯಾವ್ರಾ ಅಯ್ನೋರೆ? ಕಳ್ಳನಂಗೆ ಮುಸುಡಿ ಮುಚ್ಕೊಂಡವ್ನಲ್ಲ" ಎಂದು ಕೇಳಿದಳು. "ಜನಾನ ಕಾಪಾಡೋನಂತೆ ಕಣಮ್ಮ. ಕಾಪಾಡೋನು ಯಾರೇ ಆಗ್ಲಿ, ಹರಕು ಬಟ್ಟೇಲಿ ನಿಲ್ಲಿಸಬಾರದು" ಎಂದ ಶಾಮಣ್ಣ. "ಹಂಗಾರೆ ನಮ್ಮ ಮನೆಯವ್ನಿಗೂ ಒಂದು ವಲ್ದುಬುಡಿ. ದಿನಾ ಕಾಪಾಡ್ತೀನಿ ಅಂತಾನೇ ಇರ್ತಾನೆ" ಎಂದು ಅವಳು ನಗುತ್ತ ಹೋದಳು.

ಹಳೆಯ ವಸ್ತ್ರ ಎಲ್ಲಿ ಹೋಯಿತೆಂಬುದು ನಿನ್ನ ಪ್ರಶ್ನೆ. ಮೂರ್ತಿಯ ಮೈಮೇಲಿಂದ ತೆಗೆದ ಜೀರ್ಣವಸ್ತ್ರವನ್ನು ಮನೆಯಲ್ಲಿ ಇಡುವುದಿಲ್ಲ, ಕಾಲಿಗೆ ತಾಗುವಂತೆ ಬಿಸಾಡುವುದೂ ಇಲ್ಲ, ಹೊಳೆಗೆ ಬಿಡುತ್ತೇವೆ. ಶಾಮಣ್ಣ ಅದನ್ನು ಎರಡು ಕಣಗಿಲೆ ಹೂವಿನೊಡನೆ ಬಾಳೆಲೆಯಲ್ಲಿಟ್ಟು ಕಾವೇರಿಗೆ ಬಿಟ್ಟ. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಗೊಂಬೆಯ ಘನತೆಯೆಲ್ಲ ಆ ಬಣ್ಣಗೆಟ್ಟ ತುಂಡಿನಲ್ಲಿತ್ತೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹಳತಾದಷ್ಟೂ ಹಿರಿದಾಗುವ ಬಟ್ಟೆಯನ್ನು ನಾವು ಕಂಡಿರಲಿಲ್ಲ.

ಮುಂದಿನ ಭಾನುವಾರ ಪರೀಕ್ಷಕ ರವೀಂದ್ರನನ್ನು ನೀನೂ ಸೊಸೆ ಮಾನಸಳೂ ಕರೆತಂದಿರಿ. ಅವನು ಬಿಳಿಯ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು, ಮುಖ, ಕೀಲು, ಬಣ್ಣ ಮೂರನ್ನೂ ಮೆಚ್ಚಿದ. ಆಮೇಲೆ ಬೆನ್ನು ತಿರುಗಿಸಿ, "ಮೂಲ ಬಟ್ಟೆ ಎಲ್ಲಿ ಸಾರ್? ಅದಿಲ್ದೆ ಪ್ರದರ್ಶನಕ್ಕೆ ತಗೊಳಲ್ಲ. ಬರೀ ಆಟದ ಸಾಮಾನಾಯ್ತು" ಎಂದ. ನಿನ್ನ ಮುಖ ಬಾಡಿದ್ದನ್ನು ಕಂಡು ನನಗೂ ನೋವಾಯಿತು, ಅದು ಸುಳ್ಳಲ್ಲ. ಆದರೆ ಮರುಗಳಿಗೆಯಲ್ಲಿ ನೀನು ಆಡಿದ ಮಾತನ್ನು ನಿನ್ನ ಪತ್ರದಲ್ಲಿ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ: "ಎಲ್ಲಿಗೋ ಸಾಗಿಸಿರ್ತಾರೆ. ದೇವರ ಪೀತಾಂಬರದ ಜರಿ ಬಿಚ್ಚಿಕೊಳ್ಳೋ ಕೈಗೆ ಇದೇನು ದೊಡ್ಡದಲ್ಲ."

ಆ ಹೊಸ ವಸ್ತ್ರವನ್ನು ಕಿತ್ತು ಹಲಗೆಯ ಮೇಲೆ ಎಸೆದು ಹೋದೆಯಲ್ಲ, ಅದರ ಅಂಚಿನ ಜರಿ ದೇವರದಲ್ಲ. ತೀರಿಹೋದ ನಿನ್ನ ಅತ್ತೆಯ ಧಾರೆಸೀರೆಯದು. ಆ ಸೀರೆಯನ್ನು ಮಗಳು ಕೇಳಿದಾಗಲೂ ಶಾಮಣ್ಣ ಕೊಟ್ಟಿರಲಿಲ್ಲ. ನಿನ್ನ ಗೊಂಬೆಗಾಗಿ ಸೆರಗಿಗೆ ಕತ್ತರಿ ಹಾಕಿದ.

ಪಾಂಡವಪುರದ ಶಾಲೆಯಲ್ಲಿ ತಪ್ಪು ವಾಕ್ಯ ಕಿವಿಗೆ ಬಿದ್ದೊಡನೆ ಹುಡುಗರನ್ನು ನಿಲ್ಲಿಸಿ ತಿದ್ದಿಸುತ್ತಿದ್ದ ನಾನು ಅಂದು ನಿನ್ನನ್ನು ತಡೆಯಲಿಲ್ಲ. ಅತಿಥಿಯ ಮುಂದೆ ಮಗನ ಮಾನ ಹೋಗದಿರಲೆಂದು ಸುಮ್ಮನಿದ್ದೆ. ಹಾಲು ತಂದು ನಿಂತಿದ್ದ ಅಣ್ಣಮ್ಮ ಮಾತ್ರ, "ಅಂಗನ್ಬ್ಯಾಡಿ ಬುದ್ಧಿ, ಆ ಕೈ ಅಂಥದ್ದಲ್ಲ" ಎಂದಳು. ನೀನು ಅವಳತ್ತ ತಿರುಗಿಯೂ ನೋಡಲಿಲ್ಲ.

ಅಂದಿನಿಂದ ಶಾಮಣ್ಣ ಗರ್ಭಗುಡಿಯೊಳಗೆ ಹೋಗಿಲ್ಲ. ಅಲಂಕಾರವನ್ನು ಬೇರೆಯವರಿಗೆ ಒಪ್ಪಿಸಿದ್ದಾನೆ. ಕಾರಣ ಕೇಳಿದವರಿಗೆ, "ಕಣ್ಣು ಮಂಜಾಗಿದೆ, ಪಿನ್ನು ದೇವರ ಮೈಗೆ ಚುಚ್ಚೀತು" ಎನ್ನುತ್ತಾನೆ. ಅದೇ ಕಣ್ಣಿನಲ್ಲಿ ಅಕ್ಕಿಯೊಳಗಿನ ನುಸಿಯನ್ನು ಹೆಕ್ಕುತ್ತಾನೆ. ಒಂಬತ್ತನೆಯ ತಾರೀಖು ಸೋಮವಾರ ಕೆ.ಆರ್. ಪೇಟೆಯ ಮಗಳ ಮನೆಗೆ ಹೊರಡುವನಂತೆ. ಹಿಂದಿರುಗುವ ಮಾತನ್ನು ಆಡಿಲ್ಲ.

ಗೊಂಬೆಗೆ ಹೋದ ಗೌರವವನ್ನು ಮರಳಿ ತರಲು ನನ್ನಿಂದಾಗದು. ಅದಕ್ಕಾಗಿ ನಿನ್ನಷ್ಟೇ ವ್ಯಥೆ ನನಗೂ ಇದೆ. ಆದರೆ ಶಾಮಣ್ಣ ಹೊರಡುವ ಮೊದಲು ನೀನು ಬರಬೇಕು. ಯಾರ ಎದುರಿಗೆ ಆ ಮಾತನ್ನು ಆಡಿದೆಯೋ ಅವರೆಲ್ಲರ ಎದುರಿಗೆ ಅದನ್ನು ಹಿಂತೆಗೆದುಕೊಳ್ಳಬೇಕು. ಪತ್ರದಲ್ಲಿ ಬರೆದು ಕಳುಹಿಸಿದರೆ ಸಾಲದು.

ನಿನ್ನ ದಾರಿ ನೋಡುತ್ತಿರುವ
ಅಮ್ಮ, ಸರೋಜ

ಮರೆತ ಮಾತು: ಮಾವ ಮನೆಯಲ್ಲೇ ಇಲ್ಲದಾಗ ಆಡಿದ ಮಾತು ಅವರನ್ನು ಹೇಗೆ ನೋಯಿಸೀತೆಂದು ಸೊಸೆ ಮಾನಸ ನಿನ್ನ ಪತ್ರದ ಕೊನೆಯಲ್ಲಿ ಕೇಳಿದ್ದಾಳೆ. ಮರೆತೆನೆಂದು ಬರೆದೆ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನೀವಿಬ್ಬರೂ ಬಾಗಿಲಿಗೆ ಬೆನ್ನು ಮಾಡಿದ್ದಿರಿ. ಅಂದು ಅಲ್ಲಿದ್ದವರು: ಪರೀಕ್ಷಕ ರವೀಂದ್ರ, ನಿನ್ನ ಹೆಂಡತಿ ಮಾನಸ, ಹಾಲಿನ ಅಣ್ಣಮ್ಮ, ನಿನ್ನ ತಾಯಿ ಸರೋಜ, ಮತ್ತು ಹೊಳೆಯಿಂದ ಬಂದು ಒದ್ದೆ ಪಂಚೆಯಲ್ಲಿ ಹಿತ್ತಿಲ ಬಾಗಿಲಿನಲ್ಲಿ ನಿಂತಿದ್ದ ಶಾಮಣ್ಣ.