ಕುಮುದಿನಿ ಅಜ್ಜಿಯ ಮಾರಿಸ್ ಕಾರಿಗೆ ಸಿಕ್ಕ ಹತ್ತು ನಿಮಿಷ

ಮೈಸೂರು
ಫೆಬ್ರವರಿ ೩೦, ೨೧೭೧

ಕುಮುದಿನಿ ಅಜ್ಜಿಗೆ ಸೌಗಂಧಿಯ ನಮಸ್ಕಾರಗಳು.

ತಾರೀಕು ನೋಡಿ ಕೈತಪ್ಪು ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನೀವು ನನ್ನ ಮುತ್ತಜ್ಜನ ತಾಯಿ. ಇದನ್ನು ಓದುವಾಗ ನಿಮಗೆ ನಲವತ್ತೂ ಆಗಿರಲಾರದು, ನನಗೆ ಅರವತ್ತೆರಡು. ಆದರೂ ಅಜ್ಜಿ ಎನ್ನದೆ ಬೇರೆ ಏನೆಂದು ಕರೆಯಲೂ ನನಗೆ ಬಾಯಿ ಬರುವುದಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ.

ನೀವು ಭಾನುವಾರ ಭಾನುವಾರ ತೊಳೆದು ಒರೆಸುವ ಆ ಬೂದು ಬಣ್ಣದ ಮಾರಿಸ್ ಮೈನರ್ ಇನ್ನೂ ಇದೆ. ಆದರೆ ನನ್ನ ಬಳಿ ಇಲ್ಲ. ಈ ಕಾಗದ ಬರೆಯಲು ಅದೇ ಕಾರಣ.

ನಿಮ್ಮ ಮರಿಮೊಮ್ಮಗ ಜಯರಾಜ ನನಗೆ ಚಿಕ್ಕಪ್ಪ. ಕಾರು ಅವರ ಪಾಲಿಗೆ ಬಂದಿತ್ತು. ಇಪ್ಪತ್ತನೆಯ ವಯಸ್ಸಿನಿಂದ ನಲವತ್ತರವರೆಗೆ ನಾನು ಅವರ ಜೊತೆ ಆ ಕಾರಿನ ಕೆಳಗೆ ಮಲಗಿ ಕೆಲಸ ಕಲಿತೆ. ಅದರ ಬ್ರೇಕು ಕಟ್ಟಿದವಳು ನಾನು, ಸೀಟು ಹೊಲಿದವಳು ನಾನು. ಅವರ ಮಗಳು ಮಂದಾರ ಆಗ ಗ್ಯಾರೇಜಿನ ಬಾಗಿಲಲ್ಲಿ ನಿಂತು, ಊಟಕ್ಕೆ ಬನ್ನಿ ಎಂದು ಕರೆದು ಹೋಗುತ್ತಿದ್ದಳು. ಆದರೆ ಕಾರು ಕೊಡುವ ಹೊತ್ತು ಬಂದಾಗ ಚಿಕ್ಕಪ್ಪ ಬೀಗದ ಕೈಯನ್ನು ಅವಳಿಗೆ ಕೊಟ್ಟರು. ನನಗೆ ಕೊಟ್ಟದ್ದು ನೀವು ಬರೆದಿಟ್ಟ ರಿಪೇರಿ ನೋಟ್‌ಬುಕ್ಕು. ಅಂದಿನಿಂದ ನಾನು ಆ ಮನೆಗೆ ಹೋಗುವುದನ್ನು ಬಿಟ್ಟೆ. ಎಲ್ಲೆಲ್ಲಿಂದಲೋ ಬಿಡಿಭಾಗ ತಂದು ನನ್ನದೇ ಒಂದು ಹಸಿರು ಫಿಯೆಟ್ ಕಟ್ಟಿಕೊಂಡೆ. ಅದಕ್ಕೆ ಹದಿನಾಲ್ಕು ವರ್ಷ ಹಿಡಿಯಿತು.

ನಿನ್ನೆ ಇಲ್ಲಿನ ದೊಡ್ಡಕೆರೆ ಮೈದಾನದಲ್ಲಿ ಬ್ರಿಟಿಷ್ ಮತ್ತು ಯುರೋಪಿಯನ್ ಹಳೆಯ ಕಾರುಗಳ ಮೇಳ ಇತ್ತು. ನಮ್ಮಲ್ಲಿ ಎಲ್ಲರೂ ಓಡಾಡುವುದು ಮೌನಗಾಡಿಗಳಲ್ಲಿ. ಅವಕ್ಕೆ ಸದ್ದೂ ಇಲ್ಲ, ಚಾಲಕನೂ ಇಲ್ಲ. ಹಾಗಾಗಿ ಎಂಜಿನ್ ಸದ್ದು ಕೇಳಲೆಂದೇ ಜನ ಊರೂರಿಂದ ಬರುತ್ತಾರೆ. ಹಳೆಯ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಮೂರು ವರ್ಷಕ್ಕೊಮ್ಮೆ, ಹತ್ತು ನಿಮಿಷ, ಮೈದಾನದಲ್ಲಿ ನಿಲ್ಲಿಸಿಕೊಂಡೇ ಚಾಲೂ ಮಾಡಬಹುದು. ಇದನ್ನು ಉಸಿರುಪಾಳಿ ಎನ್ನುತ್ತೇವೆ. ಹೊಂಗೆ ಬೀಜದಿಂದ ತಯಾರಿಸಿದ ಪೆಟ್ರೋಲನ್ನು ಮೇಳದವರೇ ಒಂದು ಲೋಟದಷ್ಟು ಅಳೆದು ಹಾಕುತ್ತಾರೆ. ಹೆಂಗಸರು ನಿಮ್ಮ ಕಾಲದ ಚೂಡಿದಾರ ತೊಟ್ಟು, ಗಂಡಸರು ಜೀನ್ಸ್ ಹಾಕಿ, ಚುರುಮುರಿ ತಿನ್ನುತ್ತ ಓಡಾಡುತ್ತಾರೆ. ಅರ್ಧ ಜನಕ್ಕೆ ಕ್ಲಚ್ಚು ಯಾವುದೆಂದು ತಿಳಿಯದು. ಒಬ್ಬಾಕೆ ಜಾಗ್ವಾರ್ ಕಾರಿನ ಮುಂದೆ ಕಣ್ಣು ಮುಚ್ಚಿಕೊಂಡು, ಬಿಸಿ ಎಣ್ಣೆಯ ವಾಸನೆ ಹಿಡಿಯುತ್ತ ನಿಂತೇ ಇದ್ದಳು.

ಬೆಳಿಗ್ಗೆ ಎಂಟಕ್ಕೇ ನನ್ನ ಫಿಯೆಟ್ ಹೊಳೆಯುತ್ತಿತ್ತು. ಒಂಬತ್ತಕ್ಕೆ ಮಂದಾರ ಮಾರಿಸನ್ನು ಸಾಗಣೆಗಾಡಿಯ ಮೇಲೆ ತಂದು ನನ್ನ ಪಕ್ಕದಲ್ಲೇ ಇಳಿಸಿದಳು. ಸಣ್ಣ ಕಾರುಗಳ ಸಾಲಿನಲ್ಲಿ ಅವಳಿಗೆ ಸಿಕ್ಕ ಜಾಗ ಅದು. ಅಷ್ಟೇ, ಜನ ಎಲ್ಲ ಆ ಕಡೆ. ಒಬ್ಬ ನನ್ನ ಹತ್ತಿರ ಬಂದಾಗ ಫಿಯೆಟ್ ಬಗ್ಗೆ ಕೇಳುತ್ತಾನೆಂದು ಎದ್ದು ನಿಂತೆ.

"ಸ್ವಲ್ಪ ಪಕ್ಕಕ್ಕೆ ಬರ್ತೀರಾ ಅಮ್ಮ? ಆ ಕಾರಿನ ಚಿತ್ರಕ್ಕೆ ನೀವು ಅಡ್ಡ ಬರ್ತಿದ್ದೀರಿ," ಅಂದ.

ಪಕ್ಕಕ್ಕೆ ಸರಿದೆ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಚಿಕ್ಕಪ್ಪನಿಗೆ ಈಗ ತೊಂಬತ್ತೊಂದು, ಕಣ್ಣು ಕಾಣುವುದಿಲ್ಲ. ಮಂದಾರ ಅವರನ್ನು ಮಾರಿಸ್ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದಳು. ನಾನು ಆರಡಿ ದೂರದಲ್ಲಿದ್ದೆ. ಮಾತಾಡಿಸಲಿಲ್ಲ.

ಹನ್ನೊಂದಕ್ಕೆ ಮಾರಿಸ್‌ನ ಪಾಳಿ ಬಂತು. ಪೆಟ್ರೋಲ್ ಹಾಕಿದರು, ಗಂಟೆ ಬಾರಿಸಿದರು, ಮಂದಾರ ಕೀ ತಿರುಗಿಸಿದಳು. ಎಂಜಿನ್ ಕರ್ರ್ ಕರ್ರ್ ಎಂದು ಸುತ್ತಿತೇ ಹೊರತು ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು. ಅದೇ ಕತೆ.

ಅಜ್ಜಿ, ನನಗೆ ಮೊದಲ ಸಲಕ್ಕೇ ಗೊತ್ತಾಗಿತ್ತು. ಕೀ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಟಿಕ್ ಟಿಕ್ ಸದ್ದು ಬಂದಿರಲಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲೇ ಇದೆ: "ಬಹಳ ದಿನ ನಿಲ್ಲಿಸಿದ್ದರೆ ಪಂಪು ಅಂಟಿಕೊಂಡಿರುತ್ತದೆ. ಸ್ಪ್ಯಾನರಿನ ಹಿಡಿಯಿಂದ ಎರಡು ಸಲ ತಟ್ಟುವುದು. ಜೋರಾಗಿ ಬೇಡ, ಪಾಪ."

ಮಂದಾರ ಕೆಳಗಿಳಿದು ನನ್ನ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಏನನ್ನೂ ಕೇಳಿರಲಿಲ್ಲ.

"ಅಕ್ಕ, ಏನಾಗಿದೆ ಅಂತ ನಿನಗೇನಾದರೂ ಗೊತ್ತಾಗುತ್ತಾ?"

"ಇಲ್ಲ," ಅಂದೆ.

ಆ ಸುಳ್ಳು ಎಷ್ಟು ಹಗುರವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಬಾನೆಟ್ ಎತ್ತಿ ಅವಳು ಇದನ್ನು ಮುಟ್ಟಿದಳು, ಅದನ್ನು ಅಲುಗಾಡಿಸಿದಳು. ಪಂಪಿನ ಮೇಲೇ ಕೈಯಿಟ್ಟು ತೆಗೆದಳು. ನಾನು ಫಿಯೆಟ್‌ನ ಕನ್ನಡಿ ಒರೆಸುತ್ತ ನಿಂತಿದ್ದೆ. ಜನ ಒಬ್ಬೊಬ್ಬರಾಗಿ ಸಿಟ್ರನ್ ಕಾರಿನ ಕಡೆ ಹೊರಟರು. ನಿಜ ಹೇಳುತ್ತೇನೆ, ನನಗೆ ಹಿತವಾಗಿತ್ತು. ಆರು ನಿಮಿಷ ಕಳೆಯಿತು.

ಆಗ ಚಿಕ್ಕಪ್ಪ ಅಂದರು, "ಬಿಡಮ್ಮ ಮಂದಾರಾ, ಒದ್ದಾಡಬೇಡ. ಮುಂದಿನ ಪಾಳಿಗೆ ಕೇಳಿಸಿಕೊಂಡರಾಯಿತು."

ಮುಂದಿನ ಪಾಳಿಗೆ ಇನ್ನೂ ಮೂರು ವರ್ಷ. ಅವರು ಹಾಗೆ ಹೇಳುತ್ತಲೇ ಊರುಗೋಲಿಗಾಗಿ ಕೈಯಾಡಿಸತೊಡಗಿದರು. ಕನ್ನಡಿ ಒರೆಸುವ ಬಟ್ಟೆಯನ್ನು ಕೆಳಗೆ ಹಾಕಿದೆ. ಸ್ಪ್ಯಾನರ್ ತೆಗೆದುಕೊಂಡು ಹೋಗಿ, ಮಂದಾರಳನ್ನು ಸರಿಸಿ, ಪಂಪನ್ನು ಎರಡು ಸಲ ತಟ್ಟಿದೆ. ಟಿಕ್ ಟಿಕ್ ಟಿಕ್ ಶುರುವಾಯಿತು.

"ಈಗ ತಿರುಗಿಸು," ಅಂದೆ.

ಮಾರಿಸ್ ಎದ್ದಿತು. ಸಿಟ್ರನ್ ಕಡೆ ಹೋದವರೆಲ್ಲ ಓಡಿ ಬಂದರು. ಚಿಕ್ಕಪ್ಪ ಎರಡೂ ಅಂಗೈಯನ್ನು ಮಡ್‌ಗಾರ್ಡಿನ ಮೇಲೆ ಊರಿ, ತಲೆ ಬಗ್ಗಿಸಿಕೊಂಡು, ಗಂಟೆ ಹೊಡೆಯುವವರೆಗೂ ಅಲ್ಲಾಡಲಿಲ್ಲ. ಎಂಜಿನ್ ಓಡಿದ್ದು ಮೂರು ನಿಮಿಷಕ್ಕಿಂತ ಕಡಿಮೆ.

ಸದ್ದು ನಿಂತ ಮೇಲೆ ಕೇಳಿದರು, "ಸೌಗಂಧಿ, ನಿನಗೆ ಮೊದಲೇ ಗೊತ್ತಿತ್ತು, ಅಲ್ಲವಾ?"

"ಗೊತ್ತಿತ್ತು ಚಿಕ್ಕಪ್ಪ."

"ನಿನಗೇ ಕೊಟ್ಟುಬಿಟ್ಟರೆ ಇವಳು ಕಾರಿನ ಕಡೆ ತಿರುಗಿಯೂ ನೋಡಲ್ಲ ಅನ್ನಿಸಿತ್ತು. ಇವಳಿಗೆ ಕೊಟ್ಟರೂ ನೀನು ಬರೋದು ಬಿಡಲ್ಲ ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಿತು."

ಮಂದಾರ ನಮ್ಮಿಬ್ಬರ ನಡುವೆಯೇ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಧ್ಯಾಹ್ನ ಮೇಳದ ಮೊದಲ ಬಹುಮಾನ ಮಾರಿಸ್‌ಗೇ ಬಂತು. ನಾನೂ ಚಪ್ಪಾಳೆ ತಟ್ಟಿದೆ, ಆದರೆ ಕೆಂಡ ಆರಿರಲಿಲ್ಲ. ಸಂಜೆ ಅವಳು ಕಾರನ್ನು ಸಾಗಣೆಗಾಡಿಗೆ ಏರಿಸಿ ಹಗ್ಗ ಬಿಗಿಯುವಾಗ ಹತ್ತಿರ ಹೋಗಿ, "ಬೇಕೆಂದೇ ಸುಳ್ಳು ಹೇಳಿದೆ ಕಣೇ," ಅಂದೆ. ಅವಳು ಹಾಕಿದ್ದ ಗಂಟನ್ನು ಬಿಚ್ಚಿ ಮತ್ತೆ ಹಾಕಿದಳು.

"ಆ ಕಡೆ ತುದಿ ಹಿಡಿದು ಎಳಿ," ಅಂದಳು. ಎಳೆದೆ. ಮನೆಗೆ ಬಾ ಎಂದು ಅವಳು ಕರೆಯಲಿಲ್ಲ. ಆದರೂ ನಾಳೆ ಹೋಗುತ್ತೇನೆ.

ಅಜ್ಜಿ, ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮಂದಾರಳಿಗಿಂತ ಹೆಚ್ಚಿನ ಹೊಟ್ಟೆಕಿಚ್ಚು ನನಗೆ ನಿಮ್ಮ ಮೇಲಿದೆ. ನೀವು ಯಾವ ಪಾಳಿಗೂ ಕಾಯದೆ, ಬೆಳಿಗ್ಗೆ ತಿಂಡಿ ಮುಗಿಸಿ ಶ್ರೀರಂಗಪಟ್ಟಣಕ್ಕೆ ಕಾರು ಓಡಿಸಿಕೊಂಡು ಹೋಗಿ, ಊಟದ ಹೊತ್ತಿಗೆ ಮನೆಗೆ ಬರುವವರು. ನನ್ನ ಕೈಯಲ್ಲಿ ಆ ಕಾರು ಒಂದು ಅಡಿಯೂ ಉರುಳಿಲ್ಲ. ಅದಕ್ಕೆ ನನ್ನದೊಂದು ಕೋರಿಕೆ. ಮುಂದಿನ ಭಾನುವಾರ ನಿಮ್ಮ ಬಾಗಿಲಲ್ಲಿ ಯಾರಾದರೂ ಕಾರಿನ ಸುತ್ತ ಎರಡು ಸುತ್ತು ಹಾಕಿ, ಬಾಯಿಬಿಟ್ಟು ಏನೂ ಕೇಳದೆ, ಹೊರಟೂ ಹೋಗದೆ ನಿಂತಿದ್ದರೆ, ಅವರನ್ನು ಸುಮ್ಮನೆ ಕಳುಹಿಸಬೇಡಿ. ನೀವು ಆಚೆ ಸೀಟಿಗೆ ಸರಿದು ಕೂತುಕೊಳ್ಳಿ. ಅವರು ಓಡಿಸಲಿ.

ನಿಮ್ಮ
ಸೌಗಂಧಿ